ನನ್ನ ಹಲ್ಲಿಗೆ ನಾನೇ ಕೊಟ್ಟ ನೂರಕ್ಕೆ ನೂರು

ಜುಮುಂಜಿನ್ ಮೀನುಪೇಟೆಯ ದಂತಾಲಯದ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನಲ್ಲಿ ವಿರಾಜಮಾನರಾಗಿರುವ ಮಾನ್ಯ ಸಮೀಕ್ಷಾ ವರದಿಯವರೇ,

ಅದೇ ಪೇಟೆಯಲ್ಲಿ ಹತ್ತು ಕಾಲಿನ ಬೊಂಡಾಸ್ (ಸ್ಕ್ವಿಡ್) ಮೀನನ್ನು ಒಣಗಿಸಿ ಮಾರುವ, ಅರವತ್ತೊಂಬತ್ತು ವರ್ಷದ ಯೊಮ್ ಬೊಂಗ್ಸುಕ್ ಎಂಬ ನಾನು ನಡು ಬಗ್ಗಿಸಿ ಮಾಡುವ ವಂದನೆಗಳು. ಈ ಪತ್ರವನ್ನು ಡಾಕ್ಟರಿಗೇ ಬರೆಯಬೇಕಿತ್ತು. ಆದರೆ ನಾನೇನು ಕೇಳಿದರೂ ಅವರು ಗೋಡೆಯತ್ತ ಕೈತೋರಿಸಿ, "ನಂದೇನಿಲ್ಲ ಅಜ್ಜಿ, ವರದಿ ಹಾಗೆ ಹೇಳ್ತಿದೆ" ಎನ್ನುವುದರಿಂದ, ನೇರವಾಗಿ ದೊಡ್ಡವರನ್ನೇ ಕಾಣುವುದು ಲೇಸೆನಿಸಿತು.

ಗಿರಾಕಿಯ ಎದುರಿಗೇ, ಒಣಗಿ ತೊಗಲಿನಂತಾದ ಮೀನಿನ ಒಂದು ಕಾಲು ಕಿತ್ತು ಅಗಿದು ತೋರಿಸುವುದು ನಮ್ಮ ಅಂಗಡಿಯ ಪದ್ಧತಿ. ನಾನು ಅಗಿಯದಿದ್ದರೆ ಕೊಳ್ಳುವವರಿಲ್ಲ. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದ್ದು ಎಡಗಡೆಯ ಕೆಳದವಡೆಯಲ್ಲಿದ್ದ ಚಿನ್ನದ ಕ್ಯಾಪು. ಮೂರು ವರ್ಷದ ಹಿಂದೆ ಅದು ಸವೆದು ಸಾಸಿವೆಯಷ್ಟು ತೂತಾದಾಗ, ಡಾಕ್ಟರು ಅದನ್ನು ತೆಗೆದು ಜಿರ್ಕೋನಿಯಾ ಎಂಬ ಹಾಲುಬಿಳುಪಿನ ಕ್ಯಾಪು ಕೂರಿಸಿದರು.

ಯಾವ ಕ್ಯಾಪು ಎಷ್ಟು ಬಾಳುತ್ತದೆಂಬ ತಮ್ಮ ಪಟ್ಟಿಯನ್ನು ಓದಿ ಧನ್ಯಳಾದೆ. ಚಿನ್ನ: ಸವೆದು ತೂತು, ವಿಫಲ. ಪಿಂಗಾಣಿ: ಚೂರು ಎದ್ದಿದೆ, ಸಾಧಾರಣ. ಜಿರ್ಕೋನಿಯಾ: ಒಂದು ಗೀರೂ ಇಲ್ಲ, ಬಾಳಿಕೆ ನೂರಕ್ಕೆ ನೂರು. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಕಳೆದ ವಸಂತದಲ್ಲಿ ನಾನು ಮೀನು ಅಗಿಯುತ್ತಿದ್ದಾಗ, ಈ ಮಹಾಶಯನ ನೇರ ಮೇಲಿದ್ದ, ನನ್ನ ತಾಯಿ ಕೊಟ್ಟ ಹಲ್ಲು ಇಬ್ಭಾಗವಾಯಿತು. ಆಗಲೂ ಇವನಿಗೆ ಗೀರು ಬೀಳಲಿಲ್ಲ. ಮೇಲಿನ ಹಲ್ಲಿನ ಗತಿ ಬರೆಯಲು ತಮ್ಮ ಪಟ್ಟಿಯಲ್ಲಿ ಕಾಲಮ್ಮೇ ಇಲ್ಲದ್ದರಿಂದ ಅದು ಒಡೆದಿಲ್ಲವೆಂದೇ ತಿಳಿದು ಒಂದು ವಾರ ಅಗಿಯಲು ನೋಡಿದೆ. ಈಗ ಹಲ್ಲೂ ಇದೆ, ಕಡಲೆಯೂ ಇದೆ, ಅಗಿಯುವುದೊಂದು ಮಾತ್ರ ಇಲ್ಲ. ಗಿರಾಕಿಗಳು ನನ್ನ ಬಾಯಿ ನೋಡಿ ಪಕ್ಕದ ಅಂಗಡಿಗೆ ಹೋಗುತ್ತಿದ್ದಾರೆ.

ಇನ್ನು ತಮ್ಮ 'ರೋಗಿಗಳ ತೃಪ್ತಿ' ಎಂಬ ಕಾಲಮ್ಮು. ಕ್ಯಾಪು ಹಾಕಿಸಿಕೊಂಡವರನ್ನು ಹತ್ತು ವರ್ಷ ವಿಚಾರಿಸಬೇಕಂತೆ; ಆರು ತಿಂಗಳಿಗೊಮ್ಮೆ ದಂತಾಲಯದ ಹಾರಿಮ್ ಎಂಬ ಹುಡುಗಿ ಫೋನು ಮಾಡುತ್ತಾಳೆ. "ಅಜ್ಜಿ, 'ತುಂಬಾ ತೃಪ್ತಿ' ಅಂದ್ಬಿಡಿ. ಬರೀ 'ತೃಪ್ತಿ' ಅಂದ್ರೂ ಮೀಟಿಂಗಲ್ಲಿ ನಂಗೆ ಬೈತಾರೆ. ಡಿಸೆಂಬರಿಗೆ ನನ್ ಕೆಲ್ಸ ಉಳಿಯೋದು ಇದ್ರ ಮೇಲೇ ನಿಂತಿದೆ." ಹೀಗೆ ಕೇಳಿದ ಮೇಲೆ ಇಲ್ಲವೆನ್ನುವವರು ನಮ್ಮ ಪೇಟೆಯಲ್ಲಿಲ್ಲ. ಐದು ಸಲ ಅಂದೆ. ಐದನೆಯ ಸಲ ಕೆನ್ನೆಗೆ ಐಸು ಒತ್ತಿಕೊಂಡು ಅಂದೆ. ಮೊನ್ನೆ ಚಿನ್ನದ ಕ್ಯಾಪನ್ನೇ ಹಾಕಿಕೊಡಿ ಎಂದು ಹೋದರೆ ಡಾಕ್ಟರು, "ನೀವೇ ತುಂಬಾ ತೃಪ್ತಿ ಅಂದಿದ್ದೀರಲ್ಲ ಅಜ್ಜಿ. ಅದಕ್ಕೇ ಚಿನ್ನ ಹಾಕೋದನ್ನೇ ನಿಲ್ಲಿಸಿದ್ವಿ" ಎಂದರು. ಪಕ್ಕದ ಅಂಗಡಿಯ, ಉಲ್ಜಿನ್ ಊರಿನವಳು ಇದನ್ನು ಕೇಳಿ, "ದಾಕ್ಷಿಣ್ಯಕ್ಕೆ ಬಸುರಾದ್ಲಂತೆ ಒಬ್ಳು. ಈಗ ಹೆರು" ಎಂದಳು.

ಮೇಲೂ ಜಿರ್ಕೋನಿಯಾ ಕೂರಿಸಿದರೆ ಸರಿಹೋಗುತ್ತದೆಂದು ಡಾಕ್ಟರ ಅಭಿಪ್ರಾಯ. ಹಾಗಾದರೆ ಆಮೇಲೆ ದವಡೆಗೂ, ದವಡೆ ಹೊರುವ ಕುತ್ತಿಗೆಗೂ, ಈ ಮುದುಕಿಗೂ ಅದನ್ನೇ ಹಾಕಿಸಿ, ಒಟ್ಟಾರೆ ನೂರಕ್ಕೆ ನೂರು ಮಾಡಿಕೊಡಬೇಕೆಂದು ವಿನಂತಿ. ಹತ್ತನೇ ವರ್ಷದ ವಿಚಾರಣೆಯ ಹೊತ್ತಿಗೆ ನಾನು ಚಿತಾಗಾರ ದಾಟಿರಬಹುದು; ಇವನಂತೂ ಆ ಬೂದಿಯಲ್ಲೂ ಬಿಳಿಯಾಗಿಯೇ ಕೂತಿರುತ್ತಾನೆ. ಆಗ ದಯವಿಟ್ಟು ನೇರವಾಗಿ ಅವನಿಗೇ ಫೋನು ಮಾಡುವುದು.

ಒಂದು ಮಾತು ಮಾತ್ರ ಮನಸ್ಸಿಗೆ ನೋವಾಗಿ ಹೇಳುತ್ತಿದ್ದೇನೆ. ಆ ಚಿನ್ನ ಇಪ್ಪತ್ತೆರಡು ವರ್ಷ ತಾನು ಸವೆದು ಎದುರಿನ ಹಲ್ಲನ್ನು ಉಳಿಸಿತ್ತು. ಅದರ ಹೆಸರಿನ ಮುಂದೆ 'ವಿಫಲ' ಎಂದು ಬರೆದಿದ್ದನ್ನು ದಯವಿಟ್ಟು ಅಳಿಸಿ.

ಬಾಯಿಯ ಒಂದೇ ಪಕ್ಕದಲ್ಲಿ ಗಂಜಿ ಕುಡಿಯುತ್ತಿರುವ ತಮ್ಮ ವಿಶ್ವಾಸಿ,
ಯೊಮ್ ಬೊಂಗ್ಸುಕ್

ತಾ.ಕ.: ಇದನ್ನು ಮಡಿಸುವಷ್ಟರಲ್ಲಿ ಹಾರಿಮ್ ಫೋನು ಮಾಡಿದಳು. ನಾಳಿದ್ದು ಡಿಸೆಂಬರು. ಆರನೇ ಸಲವೂ "ತುಂಬಾ ತೃಪ್ತಿ" ಎಂದೆ. "ಯಾಕಜ್ಜಿ, ಮಾತು ತೊದಲ್ತಿದೆ?" ಎಂದು ಕೇಳಿದಳು. "ಬಾಯ್ತುಂಬಾ ತೃಪ್ತಿ ಇಟ್ಕೊಂಡು ಮಾತಾಡೋದು ಕಷ್ಟ ಮಗಳೇ" ಎಂದೆ. ಅದನ್ನೂ ತಮ್ಮಲ್ಲಿ ಸೇರಿಸಿಕೊಳ್ಳಿ.