ಕೌಂಟರಿಗೆ ಬೆನ್ನು ಹಾಕಿದ ನಮ್ಮ ಭಾವ

ನಮ್ಮ ಭಾವನಿಗೆ ಅಕ್ಕನ ಮೇಲೆ ಪ್ರೀತಿ ಹೆಚ್ಚೋ ಎಟಿಎಂ ಮೇಲೋ ಎಂಬ ಅನುಮಾನ ನನಗೆ ಅವರ ಮದುವೆಯ ಮರುವಾರವೇ ಬಂದಿತ್ತು! ಅಕ್ಕ ತಿರುವನಂತಪುರದ ಶ್ರೀಕಾರ್ಯಂನಲ್ಲಿ ಕಾಲೇಜು ಮೇಡಂ. ಭಾವನಿಗೆ ಕೊಚ್ಚಿಯಲ್ಲಿ ಕೇಂದ್ರ ಸರಕಾರದ ಕೆಲಸ. ಕೊಚ್ಚಿ ಪಕ್ಕದ ಆಲುವದಲ್ಲಿ ಭಾವನ ಬಾಡಿಗೆ ಮನೆಯಲ್ಲಿ ಠಿಕಾಣಿ ಹೂಡಿದ ಭಾವಮೈದುನ ನಾನು.

ಆಗ ಜನರಿಗೆ ಎಟಿಎಂ ಅಂದರೆ ಕಾರ್ಡು ನುಂಗುವ ಭೂತ. ಭಾವ ಮಾತ್ರ ಮನೆಯೆದುರಿನ ಬ್ಯಾಂಕು ಬಿಟ್ಟು, ಬಸ್ಸು ಹತ್ತಿ, ಕಲೂರಿನ ಯಂತ್ರದಿಂದ ದುಡ್ಡು ತರುತ್ತಿದ್ದರು.

"ಎಂತ ಭಾವ, ಎದುರು ಕೌಂಟರಿನಲ್ಲಿ ನೊಣ ಹೊಡೀತಾ ಕೂತಿದ್ದಾರಲ್ಲ?"

"ಅವರು ಮಾತಾಡಿಸ್ತಾರೆ ಮಾರಾಯ!"

ಆಫೀಸಿಗೆ ಕಾಫಿ ಯಂತ್ರ ಬಂದಾಗ ಎಲ್ಲರೂ ಮೂಗು ಮುರಿದರಂತೆ. ಮೊದಲು ಗುಂಡಿ ಒತ್ತಿದವರು ಇವರೇ. ಬಂದದ್ದು ಬರೀ ಬಿಸಿನೀರು. ಪೂರ್ತಿ ಕುಡಿದು, "ಸ್ವಲ್ಪ ಲೈಟಾಗಿ ಉಂಟು" ಅಂದರಂತೆ!

ಇನ್ನು ರೈಲು ಟಿಕೆಟ್ಟು? ಸ್ಟೇಷನ್ನು ಕೂಗಳತೆಯಲ್ಲಿದ್ದರೂ ಇಂಟರ್ನೆಟ್ ಕೆಫೆಯಲ್ಲಿ ತಪಸ್ಸು. ಪುಟ ತೆರೆಯುವಷ್ಟರಲ್ಲಿ ನಡೆದೇ ಅಕ್ಕನ ಮನೆ ಮುಟ್ಟಬಹುದಿತ್ತು!

ಮನೆಯಲ್ಲಿ ಬಾಯಿ ಮುಚ್ಚದೆ ಹರಟುವ ಈ ಮನುಷ್ಯನಿಗೆ ಅಪರಿಚಿತರೆದುರು ನಾಲಗೆ ಕಟ್ಟುತ್ತದೆಂದು ನನಗೆ ತಿಳಿದದ್ದು, ಅಕ್ಕನಿಗೆ ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡ ಮಧ್ಯಾಹ್ನ. ಫೋನು ಬಂದದ್ದೇ ಸ್ಟೇಷನ್ನಿಗೆ ಓಡಿದೆವು. ಕೆಫೆಗೆಲ್ಲ ಪುರುಸೊತ್ತಿಲ್ಲ. ಭಾವ ಕೌಂಟರಿನೆದುರು ಬಾಗಿದರು.

"ತಿ... ತಿ..."

"ತಿರೂರೋ?" ಒಳಗಿನವರು ಕೇಳಿದರು.

ತಿರೂರು ಇರುವುದು ತದ್ವಿರುದ್ಧ ದಿಕ್ಕಿನಲ್ಲಿ! ಭಾವ ಅಲ್ಲವೆಂದು ತಲೆಯಾಡಿಸಿದರು. ಹಿಂದಿದ್ದವರು ಗೊಣಗಿದರು, ಯಾರೋ ನಕ್ಕರು. ನಾನು ಬಾಯಿ ತೆರೆದೆ. ಭಾವ ನನ್ನ ಕೈ ಒತ್ತಿ ಹಿಡಿದು ತಡೆದರು.

"ತಿರು... ತಿರುವ... ತಿರುವನಂತಪುರಂ. ರಂಡ್." ಮಲಯಾಳದಲ್ಲಿ ಎರಡು ಟಿಕೆಟ್ಟು ಕೇಳಿಯೇಬಿಟ್ಟರು.

ರೈಲು ಹೊರಟ ಮೇಲೆ ಕೇಳಿದೆ, "ನಾನೇ ಹೇಳ್ತಿದ್ದೆನಲ್ಲ ಭಾವ?"

ಅವರು ಕಿಟಕಿಯಾಚೆ ನೋಡುತ್ತಾ ಅಂದರು, "ಇನ್ನು ಎಲ್ಲ ಕಡೆ ನಾನೇ ಮಾತಾಡಬೇಕಲ್ಲ. ಅಪ್ಪ ಅಂತ ಆದ ಮೇಲೆ."

ಹೆಣ್ಣುಮಗು ಹುಟ್ಟಿತು. ನಾಮಕರಣದ ದಿನ ಮನೆ ತುಂಬ ನೆಂಟರು. ಮಗಳ ಕಿವಿಯಲ್ಲಿ ಹೆಸರು ಹೇಳಲು ಬಾಗಿದ ಭಾವ ಮೊದಲ ಅಕ್ಷರದಲ್ಲೇ ತಡವರಿಸುತ್ತಾ ಬಹಳ ಹೊತ್ತು ತಲೆ ಎತ್ತಲೇ ಇಲ್ಲ. ಯಾರೂ ಅವಸರ ಮಾಡಲಿಲ್ಲ. ಮಗುವೂ ಅಳದೆ, ಕಣ್ಣರಳಿಸಿಕೊಂಡು ಕಾಯಿತು.