ಜಿಪ್ ಫೈಲಿನಿಂದ ಎದ್ದುಬಂದ ಜನ

ಬ್ರಹ್ಮದೇವರು ಮುನಿಸಿಕೊಳ್ಳುವುದಿಲ್ಲವೆಂದರೆ ಒಂದು ಮಾತು ಹೇಳುತ್ತೇನೆ. ಜನರನ್ನು ಹುಟ್ಟಿಸುವುದರಲ್ಲಿ ನನ್ನ ಮೈದುನ ಆತನಿಗಿಂತ ಚುರುಕು! ಬ್ರಹ್ಮನಿಗೆ ಒಂದು ಜೀವಕ್ಕೆ ಒಂಬತ್ತು ತಿಂಗಳು ಬೇಕು. ನಮ್ಮವನು ಒಂದು ಲೋಟ ಚಹಾ ಮುಗಿಯುವುದರೊಳಗೆ ಸಾವಿರಗಟ್ಟಲೆ ಮಂದಿಯನ್ನು ಹುಟ್ಟಿಸಿ, ಹೆಸರಿಟ್ಟು, ಕೈಗೊಂದು ಫೋನ್ ನಂಬರನ್ನೂ ಕೊಟ್ಟುಬಿಡುತ್ತಿದ್ದ.

ಅದು ಅದಿರಿನ ಕಾಲ. ಸಂಡೂರಿನಿಂದ ಇಳಿಯುವ ಲಾರಿಗಳ ಕೆಂಪು ಧೂಳು ಹೊಸಪೇಟೆಯ ನಮ್ಮ ದೇವರ ಗೂಡಿನವರೆಗೂ ಬರುತ್ತಿತ್ತು. ಊರೆಲ್ಲ ಲಾರಿ ಕೊಳ್ಳುತ್ತಿದ್ದಾಗ ಇವನು ಕಂಪ್ಯೂಟರ್ ಅಂಗಡಿ ಇಟ್ಟ. ಯಾರ ಲಾರಿ ಯಾವಾಗ ಲೋಡಿಗೆ ಹೋಗಬೇಕೆಂಬ ಸರದಿ ಹಿಡಿಯಲು ಲಾರಿ ಮಾಲೀಕರ ಸಂಘದವರಿಗೆ ಒಂದು ವೆಬ್‌ಸೈಟ್ ಬೇಕಿತ್ತು. ಸೋಮವಾರ ನೋಡಲು ಬರುತ್ತಾರೆ. ಒಪ್ಪಿದರೆ ಕೆಲಸ ಇವನದು. ಇಲ್ಲವಾದರೆ ಬಳ್ಳಾರಿಯವರದು, ಇವನ ಅಂಗಡಿಗೆ ಬೀಗ.

"ಎಲ್ಲಾರೂ ಒಮ್ಮಿಗೇ ಒತ್ತಿದ್ರ ವೆಬ್‌ಸೈಟು ಬೀಳಬಾರ್ದು, ಅತ್ತಿಗೆಮ್ಮ. ಅದಕ್ಕ ಸುಳ್ಳು ಮಂದಿನ್ನ ಕಳಿಸಿ ನೋಡ್ತೀನಿ."

"ಒಬ್ಬನ್ನೇ ಸಾವಿರ ಸಲ ಕಳಿಸಪ್ಪ, ಸಾಕು."

"ಹಂಗಾದ್ರ ಅದು ನೆನಪಿಟ್ಟಿದ್ದ ಹಳೇ ಉತ್ತರಾನೇ ಕೊಟ್ಟು ಕಳಿಸತೈತ್ರಿ. ಬ್ಯಾರೆ ಬ್ಯಾರೆ ಹೆಸರು ಬೇಕು."

ಆ ಹೆಸರುಗಳಿಗಾಗಿ ನಾನು ಪಟ್ಟ ನಾಚಿಕೆ! ಬುಕ್ಕಸಾಗರದ ನನ್ನ ತವರಿನಲ್ಲಿ ಸತ್ತ ಮುತ್ತಜ್ಜನಿಂದ ಹಿಡಿದು ಕೊಟ್ಟಿಗೆಯ ಎಮ್ಮೆಯವರೆಗೆ ಎಲ್ಲರೂ ಲಾರಿ ಮಾಲೀಕರಾದರು. ಮನೆಗೆ ಬಂದ ಬೀಗರಿಗೆ ಕಾಲಿಗೆ ನೀರು ಕೊಡುವ ಮೊದಲೇ, "ನಿಮ್ಮ ಪೂರ್ತಿ ಹೆಸರೇನ್ರಿ? ಅಪ್ಪಂದು? ಅಜ್ಜಂದು?" ಎಂದು ಶುರು ಮಾಡಿದ. ಅವರು ಪೊಲೀಸ್ ವಿಚಾರಣೆಯೆಂದು ಬೆದರಿ ಚಹಾ ಸಹ ಕುಡಿಯದೆ ಎದ್ದರು. ನನ್ನ ಮುಖ ಎಲ್ಲಿಡಲಿ? ಸಕ್ಕರೆಯಾದರೂ ಉಳಿಯಿತಲ್ಲ, ಅದೊಂದು ಪುಣ್ಯ.

ಹೆಸರುಗಳ ಫೈಲುಗಳು ಬೆಳೆದು ಕಂಪ್ಯೂಟರಿನಲ್ಲಿ ಜಾಗ ಸಾಲದಾಯಿತು. ಹಾಸಿಗೆ ಸುತ್ತಿ ಹಗ್ಗ ಬಿಗಿಯುವಂತೆ ಎಲ್ಲವನ್ನೂ ಒತ್ತಿ ಒಂದು ಜಿಪ್ ಫೈಲು ಮಾಡಿದ. ಆ ಗಂಟನ್ನು ಬಿಚ್ಚಿ ಹರಡದೆಯೇ ಒಳಗಿನಿಂದ ಒಂದೊಂದೇ ಹೆಸರನ್ನು ಎಳೆದು ವೆಬ್‌ಸೈಟಿಗೆ ನುಗ್ಗಿಸುವ ಪ್ರೋಗ್ರಾಮನ್ನೂ ಬರೆದ. ಜಾಣನೇ! ಆದರೆ ಗಂಟಿನೊಳಗೆ ಏನೇನು ಸೇರಿದೆ ಎಂದು ನೋಡಬೇಕಲ್ಲ? ಶ್ರಾವಣದ ಕಾರ್ಯಕ್ರಮಕ್ಕೆಂದು ನಮ್ಮ ಭಜನೆ ಮಂಡಳಿಯ ತಾಯಂದಿರ ಹೆಸರು, ಮೊಬೈಲ್ ನಂಬರುಗಳನ್ನು ಅವನೇ ಟೈಪು ಮಾಡಿದ್ದ. ಆ ಫೈಲೂ ಒಳಗೆ ಸೇರಿಹೋಗಿತ್ತು! ಸರದಿ ಬಂದವರ ನಂಬರಿಗೆ ವೆಬ್‌ಸೈಟು ತಾನೇ ಮೆಸೇಜು ಕಳಿಸುತ್ತಿತ್ತು. ಸುಳ್ಳು ಮಂದಿಯ ನಂಬರು ಸುಳ್ಳು; ಯಾರಿಗೂ ಮುಟ್ಟುವುದಿಲ್ಲ. ನಮ್ಮ ತಾಯಂದಿರ ನಂಬರು ಅಪ್ಪಟ ನಿಜ.

ಶನಿವಾರ ಮಧ್ಯಾಹ್ನ ಗುಂಡಿ ಒತ್ತಿದ. ನನ್ನದೂ ಸೇರಿ ತಾಯಂದಿರ ಮೊಬೈಲುಗಳೆಲ್ಲ ಒಟ್ಟಿಗೆ ಕಿಣಿಗುಟ್ಟಿದವು: ನಿಮ್ಮ ಲಾರಿಯ ಸರದಿ ಬಂದಿದೆ, ಕೂಡಲೇ ಸಂಡೂರಿಗೆ ಲೋಡಿಗೆ ಬನ್ನಿ.

ಮೆಸೇಜು ಇಂಗ್ಲಿಷಿನಲ್ಲಿತ್ತು, ಅರ್ಧಕ್ಕರ್ಧ ತಾಯಂದಿರಿಗೆ ಓದಲು ಬಾರದು. ಹಂಪಿ ವಿರೂಪಾಕ್ಷನ ದಯೆ ಎಂದುಕೊಂಡೆ. ಆದರೆ ಓದಲು ಬರುವ ಗಂಡಂದಿರಿದ್ದರಲ್ಲ! ಕಂಪ್ಲಿ ಕಡೆಯ ಒಬ್ಬಾಕೆಯ ಗಂಡ, "ನನಗ ಹೇಳದಂಗ ಲಾರಿ ತಗೊಂಡೀಯಾ? ನಾನೇನು ಬ್ಯಾಡಂತಿದ್ನೇನು!" ಎಂದು ಮೊಳಗಟ್ಟಲೆ ಮಲ್ಲಿಗೆ ತಂದನಂತೆ. ಸಂಜೆ ಆಕೆ ಆ ಹೂವು ಮುಡಿದುಕೊಂಡೇ ಭಜನೆಗೆ ಬಂದು ನನ್ನ ಮುಂದೆ ನಿಂತಳು.

"ಲಾರಿ ಇಲ್ಲ ಅಂದಮ್ಯಾಲ ಮಾತೇ ಬಿಟ್ಟಾನ, ತಾಯಿ. ಹೂವ ತಿರುಗಿ ಕೊಡು ಅಂತಾನ!"

ನಗು ಎದ್ದಿತೇನೋ ನಿಜ, ಮಂಡಳಿಯ ಅಧ್ಯಕ್ಷೆಯಮ್ಮ ಮಾತ್ರ ನಗಲಿಲ್ಲ. "ನಮ್ಮ ನಂಬರು ಲಾರಿಯವ್ರಿಗೆ ಕೊಟ್ಟಾಕಿ ನೀನೇನು, ತಂಗಿ?" ಎಂದರು. ಎಲ್ಲರೂ ನನ್ನತ್ತ ತಿರುಗಿದರು. ತಾಳ ಕೆಳಗಿಟ್ಟು ಎದ್ದುಬಂದೆ. ಮನೆಯಲ್ಲಿ ಮೈದುನನಿಗೆ ಊಟ ಬಡಿಸಿದೆ, ಮುಖ ನೋಡಲಿಲ್ಲ. ಎರಡು ದಿನ ಹಾಗೇ ಕಳೆಯಿತು.

ಸೋಮವಾರ ಸಂಜೆ ಅಧ್ಯಕ್ಷೆಯಮ್ಮ ತಾವೇ ನಮ್ಮ ಮನೆಗೆ ಬಂದರು. ಅವರ ಯಜಮಾನರೂ ಲಾರಿ ಮಾಲೀಕರು. ಬೆಳಿಗ್ಗೆ ಅಂಗಡಿಗೆ ಹೋದವರಲ್ಲಿ ಒಬ್ಬರು. ಅಲ್ಲಿ ನಡೆದದ್ದನ್ನು ಗಂಡ ಹೇಳಿದಂತೆಯೇ ನನಗೆ ಹೇಳಿದರು.

ವೆಬ್‌ಸೈಟು ಬೀಳಲಿಲ್ಲವಂತೆ! ಎಲ್ಲರೂ ತಲೆದೂಗಿದರಂತೆ. ಆಗ ಇವರ ಯಜಮಾನರು, "ನಮ್ಮ ಮನಿಯಾಕಿ ನಂಬರು ನಿನಗ ಹೆಂಗ ಸಿಕ್ತು? ನಿಮ್ಮ ಅತ್ತಿಗೆ ಕೊಟ್ರೇನು?" ಎಂದು ಕೇಳಿದ್ದಾರೆ. ಪಕ್ಕದಲ್ಲಿದ್ದವರೊಬ್ಬರು ಕಣ್ಣು ಹೊಡೆದು, "ಫೋನ್ ಕಂಪನಿಯವ್ರ ತಪ್ಪು ಅಂದುಬಿಡೋ, ಮುಗೀತು" ಎಂದಿದ್ದಾರೆ. ಇವನು ಹೂಂ ಎಂದಿದ್ದರೆ ಸಾಕಿತ್ತು.

"ಇಲ್ರಿ. ಒಳಗೇನೈತಿ ಅಂತ ನೋಡ್ಲಾರದ ಗಂಟು ಕಟ್ಟಿದಾಂವ ನಾನು. ಅತ್ತಿಗೆಮ್ಮಗ ಇದು ಗೊತ್ತೂ ಇಲ್ಲ. ಅವ್ರ ಹೆಸರು ತರಬ್ಯಾಡ್ರಿ" ಎಂದನಂತೆ.

"ತನ್ನ ಗಂಟೇ ನೋಡಿಕೊಳ್ಳಾರದಾಂವ ನಮ್ಮ ಲಾರಿ ಏನು ನೋಡ್ತಾನ?" ಎಂದು ಅವರೆಲ್ಲ ಎದ್ದರು. ಕೆಲಸ ಬಳ್ಳಾರಿಗೆ ಹೋಯಿತು.

"ನಾಳಿಂದ ಬಾ ತಂಗಿ, ನಿನ್ನ ತಾಳ ಹಂಗೇ ಇಟ್ಟೀವಿ" ಎಂದು ಹೇಳಿ ಅವರು ಹೋದರು. ನಾನು ಸೀದಾ ಅಂಗಡಿಗೆ ನಡೆದೆ. ಮೈದುನ ನೆಲದ ಮೇಲೆ ಕೂತು ಕಂಪ್ಯೂಟರಿನ ವೈರುಗಳನ್ನು ಸುತ್ತಿ ರಟ್ಟಿನ ಡಬ್ಬಿಗೆ ತುಂಬುತ್ತಿದ್ದ. ತಲೆಯೆತ್ತದೆ ಕೇಳಿದ:

"ಭಜನಿಗೆ ಕರದ್ರೇನ್ರಿ, ಅತ್ತಿಗೆಮ್ಮ?"

"ಕರದ್ರಪ್ಪ."

"ಹಂಗಾರ ಆತು ಬಿಡ್ರಿ" ಎಂದು ನಕ್ಕ.

ಅವನ ಪಕ್ಕದಲ್ಲೇ ಕೂತು ನಾನೂ ಒಂದು ವೈರು ಸುತ್ತತೊಡಗಿದೆ.