ಕ್ಲಾಂಪು ಬಿಚ್ಚದ ಸೋದರಮಾವ

ನನ್ನ ಸೋದರಮಾವನಿಗೆ ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ನಾನು ಎಂಟು ಅನ್ನುತ್ತೇನೆ. ಎರಡು ಮನೆಯಲ್ಲಿ, ಆರು ಬಸವಕಲ್ಯಾಣದ ಅವನ ಬಡಗಿ ಅಂಗಡಿಯ ಗೋಡೆಯ ಮೇಲೆ! ಗೋಡೆಯವು ಕಬ್ಬಿಣದ ಕ್ಲಾಂಪುಗಳು. ಅಂಟು ಹಚ್ಚಿ ಜೋಡಿಸಿದ ಕಟ್ಟಿಗೆಯನ್ನು ಒಣಗುವ ತನಕ ಒತ್ತಿ ಹಿಡಿಯುವಂಥವು. ಮನೆಯ ಮಕ್ಕಳು ಮುಖ ತೊಳೆದಿವೆಯೋ ಇಲ್ಲವೋ ಅವನಿಗೆ ಗೊತ್ತಿಲ್ಲ. ಈ ಆರಕ್ಕೆ ಮಾತ್ರ ದಿನಾ ಸಂಜೆ ಅಂಟು ಕೆರೆದು, ಒರೆಸಿ, ತಿರುಪಿಗೆ ಎಣ್ಣೆ ಹಚ್ಚಬೇಕು. ಯಾವ ಎಣ್ಣೆ? ಅತ್ತೆಯ ತಲೆಗೆಂದು ತಂದಿಟ್ಟ ಕೊಬ್ಬರಿ ಎಣ್ಣೆ!

“ನನ್ನ ತಲಿ ಎಣ್ಣಿ ಆ ಕಬ್ಬಣಕ್ಕ ಯಾಕ ಸುರಿಯಾಕತ್ತೀರಿ?”

“ನಿನ್ನ ಕೂದಲಕ್ಕೇನು ಜಂಗ ಹಿಡಿತದೇನ?”

ಅವತ್ತು ಅತ್ತೆ ಅವನನ್ನು ಊಟಕ್ಕೆ ಕರೆಯಲಿಲ್ಲ.

ಕ್ಲಾಂಪು ಕೇಳಲು ಬಂದವರ ಪಾಡಂತೂ ಯಾರಿಗೂ ಬೇಡ. ಪಕ್ಕದ ಮನೆಯ ಮಾಸ್ತರರು ಕುರ್ಚಿಯ ಕಾಲು ಅಂಟಿಸಲು ಒಂದನ್ನು ಕೇಳಿದರು. ಕೊಟ್ಟ. ಜೊತೆಗೆ ತಾನೂ ಹೋಗಿ ಕೂತ! ಅವರು ಜೋರಾಗಿ ತಿರುವಿದರೆ, “ಹಗೂರಕ್ರೀ ಸರ್! ಅಂಟೆಲ್ಲ ಹಿಂಡಿ ಹೊರಗ ಬಂದ್ರ ಒಳಗ ಹಿಡಿಯೋದು ಏನ್ರಿ?” ಮರುದಿನದ ಚಹಾ ನಾಷ್ಟಾವೂ ಮಾಸ್ತರರ ಮನೆಯಲ್ಲೇ ಆಯಿತು.

ಇಷ್ಟಕ್ಕೆಲ್ಲ ನಗುತ್ತಿದ್ದ ನಾನು ತಂಗಿಯ ಮದುವೆಯಲ್ಲಿ ಉರಿದುಬಿದ್ದೆ. ಇಸವಿ ತೊಂಬತ್ತೈದೋ ತೊಂಬತ್ತಾರೋ ಇರಬೇಕು. ಅವಳಿಗೆ ಕೊಡುವ ಸಾಗುವಾನಿ ಮಂಚವನ್ನು ಮಾವನೇ ಮಾಡಿದ್ದ. ಮದುವೆ ಹುಮನಾಬಾದಿನಲ್ಲಿ, ಬೀಗರ ಮನೆಯ ಮುಂದೆ. ಸಾಮಾನು ಒಯ್ಯುವ ಟೆಂಪೋ ಬಾಗಿಲಲ್ಲಿ ನಿಂತಿದೆ, ಜಿಟಿಜಿಟಿ ಮಳೆ ಹಿಡಿದಿದೆ, ಮಂಚದ ತಲೆಹಲಗೆ ಇನ್ನೂ ಕ್ಲಾಂಪಿನಲ್ಲೇ ಇದೆ!

“ಬಿಚ್ಚು ಮಾಮಾ, ಒಣಗೇದ.”

“ಹವಾ ಹಸಿ ಅದ. ನಾಳಿ ಮಧ್ಯಾಹ್ನ ತನಕ ಬಿಚ್ಚಂಗಿಲ್ಲ.”

ಕೊನೆಗೆ ಮಂಚ ಕ್ಲಾಂಪು ತೊಟ್ಟುಕೊಂಡೇ ಟೆಂಪೋ ಏರಿತು. ಪಕ್ಕದಲ್ಲಿ ಅದನ್ನು ಅಪ್ಪಿಕೊಂಡು ಮಾವ! ಬೀಗರ ಪಡಸಾಲೆಯಲ್ಲಿ ಇಳಿಸುವಾಗ ಅವರ ಮನೆಯ ಅಜ್ಜಿಯೊಬ್ಬಳು, “ಇದೇನ್ರೀ, ಮದುಮಗಳಿಗಿಂತ ಮಂಚಕ್ಕೇ ದಾಗೀನ ಜಾಸ್ತಿ ಹಾಕೀರಿ!” ಎಂದಳು. ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ?

ಮರುದಿನ ಅಕ್ಕಿಕಾಳಿನ, ಅಂದರೆ ಅಕ್ಷತೆ ಹಾಕುವ, ಹೊತ್ತಿಗೆ ಸೋದರಮಾವ ಮದುಮಗಳ ಹಿಂದೆ ನಿಲ್ಲಬೇಕು. ಇವನೋ, ಬೀಗರ ಮಕ್ಕಳು ತಿರುಪು ತಿರುವಿ ಆಡುತ್ತಾರೆಂದು ಮಂಚದ ಬಳಿಯೇ ಕಾವಲು ಕೂತ! ಅವನ ಜಾಗದಲ್ಲಿ ಇನ್ಯಾರೋ ನಿಂತರು. ತಂಗಿ ಅತ್ತಳು. ಅಕ್ಕಿಕಾಳು ಬಿದ್ದದ್ದೇ ತಡ, ಬಯ್ಯಲು ಹೊರಟ ನನ್ನ ಕೈಯನ್ನು ಅವ್ವ ಹಿಡಿದಳು.

“ಅವಗೇನೂ ಅನಬ್ಯಾಡಪ್ಪಾ. ನನ್ನ ಮದುವಿ ಮಂಚಾನೂ ಅವನೇ ಮಾಡಿದ್ದ. ಮಂದಿ ಅವಸರ ಮಾಡಿದ್ರಂತ ಹಸಿ ಇದ್ದಾಗೇ ಕ್ಲಾಂಪ್ ಬಿಚ್ಚಿದ. ವಾರದಾಗ ಹಲಗಿ ಕಿತ್ತು ಬಂತು. ಇಕಿ ತವರಮನಿ ಮಂಚಾ ನೋಡ್ರಿ ಅಂತ ಅತ್ತಿಮನ್ಯಾಗ ಬಾಳ ದಿನಾ ನಕ್ರು. ನಾ ಅವಗ ಹೇಳಿರಲಿಲ್ಲ. ಪಂಚಮಿ ಹಬ್ಬಕ್ಕ ನನ್ನ ತವರಿಗಿ ಕರಿಯಾಕ ಬಂದಾಗ, ಮಂಚಕ್ಕ ಹಗ್ಗ ಬಿಗಿದಿದ್ದು ತಾನೇ ನೋಡಿದ.”

ಇಷ್ಟು ವರ್ಷ ಅವನನ್ನು ನೋಡಿ ನಕ್ಕಿದ್ದಕ್ಕೆ ನಾಚಿಕೆಯಾಯಿತು.

ನಾವಿಬ್ಬರೂ ಪಡಸಾಲೆಗೆ ಹೋದಾಗ ಮಾವ ಗಡಿಯಾರ ನೋಡುತ್ತ ಒಂದೊಂದೇ ಕ್ಲಾಂಪು ಸಡಿಲಿಸುತ್ತಿದ್ದ. ಎರಡೂ ಕೈಯಿಂದ ತಲೆಹಲಗೆಯನ್ನು ಅಲುಗಿಸಿ ನೋಡಿದ. ಅದು ಅಲುಗಲಿಲ್ಲ. ಆಮೇಲೆ ಅವ್ವನ ಕಡೆ ತಿರುಗಿ, “ಅಕ್ಕಾ, ನೀ ಒಮ್ಮಿ ಕುಂತು ನೋಡು” ಎಂದ.

ಅವ್ವ ಕೂತಳು. ಸೆರಗಿನ ಗಂಟಿನಲ್ಲಿ ಉಳಿಸಿಕೊಂಡು ಬಂದಿದ್ದ ಅಕ್ಕಿಕಾಳನ್ನು ತೆಗೆದು ಅವನ ತಲೆಯ ಮೇಲೆ ಹಾಕಿದಳು.